ಮಂಜೊಟ್ಟಿಯಲ್ಲಿ ನಿಂತ ಮೊಬೈಲ್

ಮೊನ್ನೆ ಮೆಲ್ಕಾರ್ ಜಂಕ್ಷನ್‌ನಲ್ಲಿ ಮುಡಿಪು ಕಡೆಯ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಇಬ್ಬರು ಕಾಲೇಜು ಹುಡುಗರು, ಇಬ್ಬರ ನಡುವೆ ಒಂದು ಮೊಬೈಲು. ನೋಡುತ್ತಿದ್ದದ್ದು ಕಂಬಳದ ರೀಲ್ಸ್. ಕೋಣಗಳು ಕೆಸರು ಚಿಮ್ಮಿಸುತ್ತ ಓಟದ ಕೊನೆಯ ಮಂಜೊಟ್ಟಿ ಹತ್ತುವ ಆ ಒಂದು ಗಳಿಗೆ ಮಾತ್ರ, ಹಿಂದೆ ಯಾವುದೋ ತೆಲುಗು ಸಿನಿಮಾದ ಹಾಡು. ಮುಗಿದರೆ ಮತ್ತೆ ಅದೇ.

"ಇದು ಎಲ್ಲಿಯ ಕಂಬಳ ಮಾರಾಯ?"

"ಗೊತ್ತಿಲ್ಲ ಸರ್."

ಆದರೆ ಕೋಣದ ಹೆಸರು ಗೊತ್ತಿತ್ತು. ಅದರ ಫ್ಯಾನ್ ಪೇಜಿಗೆ ಎಷ್ಟು ಫಾಲೋವರ್ಸ್ ಎಂಬುದೂ ಗೊತ್ತಿತ್ತು. ಹೊಕ್ಕಾಡಿಗೋಳಿಯದ್ದೋ ಕಕ್ಯಪದವಿನದ್ದೋ ಎಂಬುದು ಬೇಕಿರಲಿಲ್ಲ. ಡಿಗ್ರಿ ಮುಗಿದ ಮೇಲೆ ಏನು ಎಂದು ಕೇಳಿದರೆ, "ದುಬೈಯಲ್ಲಿ ಮಾಮ ಇದ್ದಾರೆ, ಅಲ್ಲಿಗೆ" ಎಂದ ಒಬ್ಬ.

ನಗು ಬಂತು, ಬೈಯುವ ಮನಸ್ಸಾಗಲಿಲ್ಲ. 2014ರ ಮೇಯಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನಿಂದ ಕಂಬಳಕ್ಕೆ ಕುತ್ತು ಬಂದಾಗ ಹಿರಿಯರು ಕೈಚೆಲ್ಲಿ ಕೂತಿದ್ದರು. 2017ರ ಜನವರಿಯಲ್ಲಿ ಮಂಗಳೂರು, ಮೂಡುಬಿದಿರೆಗಳಲ್ಲಿ ಜನ ಬೀದಿಗಿಳಿದರಲ್ಲ, ಆ ಸುದ್ದಿಯನ್ನು ಊರೂರಿಗೆ ಮುಟ್ಟಿಸಿದ್ದರಲ್ಲಿ ಇಂಥ ಹುಡುಗರ ಹೆಬ್ಬೆರಳಿನ ಪಾಲು ಸಣ್ಣದಲ್ಲ. ಆಮೇಲೆ ಕಾನೂನು ತಿದ್ದುಪಡಿಯಾಯಿತು. 2023ರ ಮೇ 18ರಂದು ಸುಪ್ರೀಂ ಕೋರ್ಟೇ ಅದನ್ನು ಎತ್ತಿಹಿಡಿಯಿತು. ಈಗ ಕೋಣ ಓಡುವ ಕರೆಯ ಬದಿಯಲ್ಲಿ ನಿದ್ದೆಗೆಟ್ಟು ನಿಲ್ಲಲಾಗದವರೂ, ಮಸ್ಕತ್ತಿನಲ್ಲಿ ನೈಟ್ ಡ್ಯೂಟಿಯಲ್ಲಿರುವವರೂ ಅಡ್ಡಹಲಗೆಯಿಂದ ನೇಗಿಲು ಕಿರಿಯದವರೆಗೆ ಎಲ್ಲ ವಿಭಾಗಗಳನ್ನೂ ಲೈವ್ ನೋಡುತ್ತಾರೆ.

ಆದರೆ ಇದೇ ಮೊಬೈಲು ಒಬ್ಬ ಓಟಗಾರನನ್ನು ಹೇಗೆ ಎತ್ತಿತು ನೋಡಿ. 2020ರ ಫೆಬ್ರುವರಿ 1, ಐಕಳದ ಕಂಬಳ. ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. ಊರಿನವರು ಭಲೇ ಎಂದರು, ಮುಂದಿನ ಕಂಬಳಕ್ಕೆ ಹೊರಟರು. ಎರಡು ವಾರದ ನಂತರ ಯಾರೋ ಶಾಲೆಯ ತ್ರೈರಾಶಿಕ ಹಾಕಿದರು: ಹಾಗಾದರೆ 100 ಮೀಟರಿಗೆ 9.55 ಸೆಕೆಂಡು! ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಓಡಿದ್ದು 9.58. ಸರಿ, ದೇಶವೆಲ್ಲ ಕುಣಿಯಿತು. ಉದ್ಯಮಿಗಳು, ಸಂಸದರು ಟ್ವೀಟ್ ಮಾಡಿದರು. ಆಗಿನ ಕೇಂದ್ರ ಕ್ರೀಡಾ ಸಚಿವರು ಕ್ರೀಡಾ ಪ್ರಾಧಿಕಾರವಾದ ಸಾಯ್‌ನಲ್ಲಿ ಟ್ರಯಲ್ಸ್‌ಗೆ ಕರೆದರು.

ಕೋಣ ಓಡಿಸಿದವನಿಗೆ ಆ ಲೆಕ್ಕ ಎಲ್ಲಿ ತಪ್ಪುತ್ತದೆಂದು ಗೊತ್ತು. ಬೋಲ್ಟನನ್ನು ಯಾರೂ ಎಳೆಯುವುದಿಲ್ಲ, ಇಲ್ಲಿ ಮುಂದೆ ಎರಡು ಕೋಣಗಳು ಎಳೆಯುತ್ತವೆ. ಅಲ್ಲಿ ಸ್ಪೈಕ್ ಶೂ, ಇಲ್ಲಿ ಕೆಸರಿನಲ್ಲಿ ಬರಿಗಾಲು. ಸ್ವತಃ ಗೌಡರೇ ಶ್ರೇಯಸ್ಸನ್ನು ಕೋಣಗಳಿಗೆ ಕೊಟ್ಟು, ಟ್ರಯಲ್ಸ್ ಬೇಡವೆಂದರು. ಕಾಲಿನ ನೋವಿತ್ತು, ಕಂಬಳದ ಸೀಸನ್ ಬಾಕಿಯಿತ್ತು. ಇಡೀ ಪ್ರಕರಣದಲ್ಲಿ ತಲೆ ಸರಿಯಿದ್ದದ್ದು ಅವರೊಬ್ಬರದ್ದೇ ಎಂದು ನನಗೆ ಆಗಲೂ ಅನಿಸಿತ್ತು. ಮುಖ್ಯಮಂತ್ರಿಗಳು ಮೂರು ಲಕ್ಷ ಕೊಟ್ಟು ಸನ್ಮಾನಿಸಿದರು, ಅದು ಒಳ್ಳೆಯದೇ ಆಯಿತು. ಕಟ್ಟಡ ಕೆಲಸ ಮಾಡಿ ಬದುಕುವವರಿಗೆ ಮೂರು ಲಕ್ಷ ರೂಪಾಯಿ ಲೈಕುಗಳಿಗಿಂತ ದೊಡ್ಡದು.

ಅದೇ ತಿಂಗಳು ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಬಜಗೋಳಿ ಜೋಗಿಬೆಟ್ಟಿನ ನಿಶಾಂತ್ ಶೆಟ್ಟಿ 143 ಮೀಟರನ್ನು 13.61 ಸೆಕೆಂಡಿನಲ್ಲಿ ಓಡಿದರು. ಅದೇ ತ್ರೈರಾಶಿಕದಲ್ಲಿ ಇದು ಇನ್ನೂ ವೇಗ. ಬೆಂಗಳೂರಿನಲ್ಲಿ ಇವತ್ತು ಯಾರನ್ನಾದರೂ ಕೇಳಿ, ಅವರ ಹೆಸರು ಹೇಳಿದರೆ ಕೆಟಿ ಚಹಾ ನನ್ನ ಲೆಕ್ಕ, ಕಲ್ಲಡ್ಕಕ್ಕೇ ಕರಕೊಂಡು ಹೋಗಿ ಕುಡಿಸುತ್ತೇನೆ. ಅಷ್ಟರಲ್ಲಿ ಮೊಬೈಲು ಬೇರೆಯವರ ಹಿಂದೆ ಹೋಗಿಯಾಗಿತ್ತು.

ಹೊಗಳಿಕೆ ಹದಿನೈದು ದಿನಕ್ಕೆ ಒಣಗುತ್ತದೆ, ಅದರ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಒಣಗದ ಇನ್ನೊಂದಿದೆ. 2025ರ ಮೇಯಲ್ಲಿ ಮೊದಲು ಬಜ್ಪೆಯಲ್ಲಿ, ತಿಂಗಳ ಕೊನೆಗೆ ನಮ್ಮದೇ ಬಂಟ್ವಾಳ ತಾಲೂಕಿನ ಕೊಳತ್ತಮಜಲಿನಲ್ಲಿ ಕೊಲೆಯಾದದ್ದು ನೆನಪಿದೆಯಲ್ಲ? ಹೆಣ ಮನೆಗೆ ಮುಟ್ಟುವ ಮೊದಲೇ ಪ್ರತೀಕಾರದ ಸ್ಟೇಟಸ್‌ಗಳು. ಪೋಸ್ಟ್ ಹಾಕಿದವರ ಮೇಲೆ ಪೊಲೀಸರು ಒಂದರ ಹಿಂದೊಂದು ಕೇಸು ಹಾಕಿದರು. ಭಾರತೀಯ ನ್ಯಾಯ ಸಂಹಿತೆಯ 196, 353ನೇ ಸೆಕ್ಷನ್‌ಗಳು, ಅಂದರೆ ಹಳೆಯ 153ಎ, 505. ಮಾತು ಬಿಸಿ ಮಾಡುವ ಹಿರಿಯರು ಹೆಚ್ಚಾಗಿ ಬಾಯಲ್ಲಿ ಹೇಳಿ ಸುಮ್ಮನಾಗುತ್ತಾರೆ, ಅದನ್ನು ಟೈಪ್ ಮಾಡಿ ತನ್ನ ನಂಬರಿನಿಂದ ಕಳಿಸುವವನು ಹತ್ತೊಂಬತ್ತರ ಹುಡುಗ.

ಸ್ಟೇಟಸ್ 24 ಗಂಟೆಯಲ್ಲಿ ಮಾಯವಾಗುತ್ತದೆ, ಸ್ಕ್ರೀನ್‌ಶಾಟ್ ಮಾಯವಾಗುವುದಿಲ್ಲ. ಕ್ರಿಮಿನಲ್ ಕೇಸು ಕೋರ್ಟಿನಲ್ಲಿ ಬಾಕಿಯಿದ್ದರೆ ಪಾಸ್‌ಪೋರ್ಟಿಗೆ ಕೋರ್ಟಿನ ಅನುಮತಿ ಬೇಕು. ಗಲ್ಫಿನ ಎಷ್ಟೋ ಕೆಲಸಗಳಿಗೆ ಪೊಲೀಸ್ ಕ್ಲಿಯರೆನ್ಸ್ ಕೇಳುತ್ತಾರೆ. ಪಾಣೆಮಂಗಳೂರಿನಿಂದ ಉಪ್ಪಿನಂಗಡಿವರೆಗೆ ಗಲ್ಫಿನ ಹಣದಲ್ಲಿ ಎದ್ದ ಮನೆಗಳೆಷ್ಟು, ಎಣಿಸಬೇಕಾಗಿಲ್ಲ. ಆ ಬಾಗಿಲು ಒಂದು ಫಾರ್ವರ್ಡಿಗೆ ಮುಚ್ಚಬಹುದೆಂದು ನಮ್ಮ ಕಾಲೇಜುಗಳಲ್ಲಿ ಯಾರಾದರೂ ಬಿಡಿಸಿ ಹೇಳುತ್ತಾರೆಯೇ? 'ಸಾಮಾಜಿಕ ಜಾಲತಾಣ: ವರವೇ ಶಾಪವೇ' ಎಂದು ಭಾಷಣ ಸ್ಪರ್ಧೆ ಇಡುತ್ತಾರೆ, ಪ್ರಥಮ ಬಹುಮಾನಕ್ಕೆ ಸ್ಟೀಲ್ ತಟ್ಟೆ ಕೊಡುತ್ತಾರೆ.

ಇದನ್ನೆಲ್ಲ ದುಬೈ ಎಂದ ಆ ಹುಡುಗನಿಗೆ ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಮೊಬೈಲು ಟಿಂಗ್ ಎಂದಿತು. ಕಂಬಳ ನಿಂತಿತು. ಯಾವುದೋ ಗ್ರೂಪಿನ ಮೆಸೇಜು, ಮೊದಲ ಸಾಲಿನಲ್ಲೇ ಮೂರು ಕೆಂಪು ಆಶ್ಚರ್ಯಸೂಚಕ. ಬಸ್ಸು ಬಂತು, ಹುಡುಗ ಎದ್ದ. ಓದಿದನೋ ಇಲ್ಲವೋ, ಮೆಟ್ಟಿಲು ಹತ್ತುವಾಗ ಹೆಬ್ಬೆರಳು ಫಾರ್ವರ್ಡ್ ಒತ್ತಿಯಾಗಿತ್ತು.