ನಿಮ್ಮ ಜಗಳ ಮುಗಿಯುವವರೆಗೆ ಮಗು ಎಲ್ಲಿರಬೇಕು?



ನಮ್ಮ ಮತ್ತಿಗಿರಿಯ ಅಂಗಡಿ ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕೂ ಭಾಷೆ ನಡೆಯುತ್ತವೆ. ಯಾರಿಗೂ ತಲೆ ಕೆಟ್ಟಿಲ್ಲ. ಆದರೆ ಮಗುವೊಂದಕ್ಕೆ ಆಟಿಸಂ ಎಂದು ಗೊತ್ತಾದ ಕೂಡಲೇ ತಜ್ಞರ ಮೊದಲ ಸಲಹೆ ಏನು ಗೊತ್ತೇ? "ಮನೇಲಿ ಕನ್ನಡ ಬಿಡಿ, ಒಂದೇ ಭಾಷೆ ಸಾಕು."

ನಮಗೆ ಗೊತ್ತಿರುವ ಒಂದು ಮನೆಯ ಕಥೆ ಹೇಳುತ್ತೇವೆ. ಹುಡುಗನಿಗೆ ಏಳು ವರ್ಷ. ಆಸ್ಪತ್ರೆಯವರು ವಿಶೇಷ ಶಾಲೆಗೆ ಸೇರಿಸಿ ಎಂದರು. ವಿಶೇಷ ಶಿಕ್ಷಕರು ಸಾಮಾನ್ಯ ಶಾಲೆಯೇ ಒಳ್ಳೆಯದು ಎಂದರು. ಸಾಮಾನ್ಯ ಶಾಲೆಯವರು "ಓಡಿಹೋಗಿ ರಸ್ತೆಗೆ ಬಿದ್ದರೆ ಯಾರು ಹೊಣೆ?" ಎಂದರು. ವಿಶೇಷ ಶಾಲೆಯವರು "ನಮ್ಮಲ್ಲಿ ಕನ್ನಡ ಬಲ್ಲವರಿಲ್ಲ" ಎಂದರು. ಎಲ್ಲರ ಬಳಿಯೂ ಕಾರಣ ಇತ್ತು, ಲೆಟರ್‌ಹೆಡ್ ಇತ್ತು, ಸೀಲೂ ಇತ್ತು. ತಾಯಿ ಪ್ಲಾಸ್ಟಿಕ್ ಕವರಿನಲ್ಲಿ ಆ ಕಾಗದಗಳನ್ನು ಹಿಡಿದು ಅಲೆದರು. ಎಂಟು ತಿಂಗಳು ಹುಡುಗ ಮನೆಯ ಜಗಲಿಯಲ್ಲೇ ಕುಳಿತ. ಈ ನಾಲ್ವರೂ ಒಂದು ದಿನವೂ ಒಟ್ಟಿಗೆ ಕುಳಿತು ಮಾತಾಡಲಿಲ್ಲ!

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಎಂಬ ಗಾದೆ ಇದೆ. ಇಲ್ಲಿ ಜಗಳ ಆಡಿದವರು ಓದಿದವರು, ಸಂಬಳ ಪಡೆಯುವವರು. ಬಡವಾದದ್ದು ಮಾತ್ರ ಅದೇ ಕೂಸು.

ಕಾನೂನು ಏನು ಹೇಳುತ್ತದೆ ನೋಡೋಣ. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಹೆಸರೇ ಇರಲಿಲ್ಲ. 2016ರ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಇದೆ. ಅದರ 16ನೇ ಕಲಂ ಪ್ರಕಾರ ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆ ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು. 31ನೇ ಕಲಂ ಪ್ರಕಾರ ಶೇ. 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ನೆರೆಹೊರೆಯ ಶಾಲೆಯಲ್ಲಾಗಲಿ, ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕಿದೆ. ಆಯ್ಕೆ ಮಗುವಿನದು. ಡಾಕ್ಟರದ್ದಲ್ಲ, ಹೆಡ್‌ಮಾಸ್ಟರದ್ದೂ ಅಲ್ಲ. ಇಂಥ ಪ್ರವೇಶದ ವಿಷಯ ನೋಡಿಕೊಳ್ಳಲು ಜಿಲ್ಲಾ ಶಿಕ್ಷಣ ಕಚೇರಿಯಲ್ಲಿ ಒಬ್ಬ ನೋಡಲ್ ಅಧಿಕಾರಿ ಇರಬೇಕೆಂದು 2017ರ ಕೇಂದ್ರ ನಿಯಮಗಳು ಹೇಳುತ್ತವೆ. ನಮ್ಮಲ್ಲಿ ಎಷ್ಟು ಶಿಕ್ಷಕರಿಗೆ ಈ ವಿಷಯ ಗೊತ್ತು?

ಆದ್ದರಿಂದ "ಸೇರಿಸಿಕೊಳ್ಳಬೇಕೇ ಬೇಡವೇ" ಎಂಬುದು ಚರ್ಚೆಯ ವಿಷಯವೇ ಅಲ್ಲ. "ಹೇಗೆ ಕಲಿಸಬೇಕು" ಎಂಬುದಷ್ಟೇ ಚರ್ಚೆ. ತಜ್ಞರು ಜಗಳವಾಡುವುದಾದರೆ ಅಲ್ಲಿ ಆಡಲಿ.

ಅಮೆರಿಕದಲ್ಲಿ 1975ರಿಂದ ಇದಕ್ಕೊಂದು ಕಾನೂನಿದೆ. ತಂದೆತಾಯಿ, ತರಗತಿ ಶಿಕ್ಷಕರು, ತಜ್ಞರು ಒಂದೇ ಮೇಜಿಗೆ ಕುಳಿತು ಮಗುವಿನ ಕಲಿಕೆಯ ಯೋಜನೆ ಬರೆಯಬೇಕು. ಒಪ್ಪಂದ ಆಗದಿದ್ದರೆ ಮಧ್ಯಸ್ಥರು, ಆಮೇಲೆ ವಿಚಾರಣೆ. ನಮಗೆ ಬಹಳ ಹಿಡಿಸಿದ್ದು ಇನ್ನೊಂದು ನಿಯಮ. ವಿಚಾರಣೆ ಮುಗಿಯುವವರೆಗೆ ಮಗು ಇದ್ದ ಕಡೆಯೇ ಕಲಿಯುತ್ತಿರಬೇಕು. ಅಲ್ಲಿಯೂ ಜಗಳಗಳಿಲ್ಲ ಎಂದಲ್ಲ. ಆಟಿಸಂ ಇದ್ದ ಒಬ್ಬ ಹುಡುಗನ ಮೊಕದ್ದಮೆ ಅಲ್ಲಿನ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2017ರಲ್ಲಿ ತೀರ್ಪಾಯಿತು. ಆದರೆ ಜಗಳಕ್ಕೂ ಅಲ್ಲಿ ಒಂದು ಪದ್ಧತಿ ಇದೆ. ನಮ್ಮಲ್ಲಿ ಜಗಳ ಶುರುವಾದರೆ ಮಗು ಜಗಲಿಗೆ!

ಇನ್ನು ಕನ್ನಡ ಬಿಡಿ ಎನ್ನುವ ಸಲಹೆ. ಎರಡು ಭಾಷೆ ಕೇಳುವುದರಿಂದ ಆಟಿಸಂ ಇರುವ ಮಕ್ಕಳ ಮಾತು ಇನ್ನಷ್ಟು ಹಿಂದೆ ಬೀಳುತ್ತದೆ ಎಂಬುದು ಇದುವರೆಗಿನ ಅಧ್ಯಯನಗಳಲ್ಲಿ ಸಾಬೀತಾಗಿಲ್ಲ. ಅಜ್ಜಿ ಮುದ್ದು ಮಾಡುವ ಭಾಷೆ, ಅಮ್ಮ ಗದರುವ ಭಾಷೆ ಕಿತ್ತುಕೊಂಡರೆ ಆ ಮಗುವಿನ ಜೊತೆ ಮನೆಯಲ್ಲಿ ಮಾತಾಡುವವರು ಯಾರು? 2006ರ ಕಾಯ್ದೆಯಿಂದ ತಮಿಳು ಕಡ್ಡಾಯವಾಗಿದೆ, ನಮ್ಮ ಮಕ್ಕಳು ಕಲಿಯುತ್ತಿದ್ದಾರೆ, ಕಲಿಯಲಿ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ಎಂದು ಸಂವಿಧಾನದ 350ಎ ವಿಧಿ ಹೇಳುವಾಗ, ಆಟಿಸಂ ಇರುವ ಮಗುವನ್ನು ಹೊರಗಿಡಿ ಎಂದು ಬರೆದಿಲ್ಲ.

ಈಗ ನಮ್ಮ ಬೆನ್ನನ್ನೂ ನೋಡಿಕೊಳ್ಳೋಣ. ಮಕ್ಕಳಿಲ್ಲ, ಕನ್ನಡ ಶಾಲೆ ಮುಚ್ಚುತ್ತಾರೆ ಎಂದು ಜೂನ್‌ನಲ್ಲಿ ಮನೆ ಮನೆ ಅಲೆಯುವವರು ನಾವೇ. ಬಾಗಿಲಿಗೆ ಬಂದ ಈ ಮಗುವನ್ನು ವಾಪಸು ಕಳಿಸುವವರೂ ನಾವೇ! ಟಿ.ಸಿ.ಎಚ್. ಓದುವಾಗ ನಮಗೆ ಆಟಿಸಂ ಎಂಬ ಪದವನ್ನೇ ಯಾರೂ ಹೇಳಿರಲಿಲ್ಲ, ನಿಜ. ಇಬ್ಬರು ಶಿಕ್ಷಕರಿಗೆ ಐದು ತರಗತಿ ಇದ್ದರೆ ಕಷ್ಟ, ಅದೂ ನಿಜ. ನಮ್ಮ ಭಯ ಸುಳ್ಳಲ್ಲ. ಆದರೆ ಭಯ ಇದ್ದರೆ ಗೇಟಿಗೆ ಚಿಲಕ ಕೇಳಬೇಕು, ವಿಶೇಷ ಶಿಕ್ಷಕರನ್ನು ಕೇಳಬೇಕು. ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ಕೊಟ್ಟ ತೀರ್ಪಿನಲ್ಲಿ ಸಾಮಾನ್ಯ ಶಾಲೆಗಳಿಗೂ ವಿಶೇಷ ಶಿಕ್ಷಕರು ಬೇಕೆಂದು ಹೇಳಿದೆ. ಅದನ್ನು ಹಿಡಿದು ಅರ್ಜಿ ಬರೆಯೋಣ. ಮಗುವನ್ನು ಬೇಡ ಎನ್ನುವುದು ಅರ್ಜಿಯಲ್ಲ.

ನಾವು ಕೇಳುವುದು ಇಷ್ಟೇ.

ಒಂದು, ಹೆಸರು ಮೊದಲು ದಾಖಲಾಗಲಿ, ಚರ್ಚೆ ಆಮೇಲೆ.
ಎರಡು, ಹದಿನೈದು ದಿನದೊಳಗೆ ಎಲ್ಲರೂ ಶಾಲೆಗೇ ಬಂದು, ಮಗುವನ್ನು ತರಗತಿಯಲ್ಲಿ ನೋಡಿ, ತಾಯಿತಂದೆಯ ಎದುರು ಮಾತಾಡಲಿ.
ಮೂರು, ನಾಲ್ಕು ಕಾಗದದ ಬದಲು ಒಂದೇ ಕಾಗದ ಬರೆಯಲಿ. ಯಾರು ಏನು ಮಾಡಬೇಕು, ಮತ್ತೆ ಯಾವಾಗ ಸೇರಬೇಕು ಎಂದು ತಾಯಿಗೆ ಓದಲು ಬರುವ ಭಾಷೆಯಲ್ಲಿ ಇರಲಿ.

ವಿಶೇಷ ಶಾಲೆ ನಮ್ಮ ಶತ್ರುವಲ್ಲ. ಕೆಲವು ಮಕ್ಕಳಿಗೆ ಅದೇ ಸರಿ ಇರಬಹುದು. ಹಾಗಾದರೆ ನೋಡಿ, ಪ್ರಯತ್ನಿಸಿ, ಒಪ್ಪಿಸಿ ಕಳಿಸಿ. ಮುಖ ನೋಡದೆ ಕಳಿಸಬೇಡಿ.

ಆ ಹುಡುಗ ಈಗ ಶಾಲೆಗೆ ಬರುತ್ತಿದ್ದಾನೆ. ತಜ್ಞರು ಒಪ್ಪಿದ್ದರಿಂದಲ್ಲ, ತಾಯಿ ದಿನವೂ ಬಂದು ಮೆಟ್ಟಿಲ ಮೇಲೆ ಕುಳಿತದ್ದರಿಂದ. ಪ್ರಾರ್ಥನೆಯ ಗಂಟೆಗೆ ಇನ್ನೂ ಕಿವಿ ಮುಚ್ಚಿಕೊಳ್ಳುತ್ತಾನೆ. ಹಾಜರಿ ಕರೆದಾಗ ಕೈ ಎತ್ತುತ್ತಾನೆ.

ನಿಮ್ಮ ಊರಿನಲ್ಲಿ ಜಗಲಿಯ ಮೇಲೆ ಕುಳಿತ ಮಗು ಯಾವುದು? ನಾಳೆ ಬೆಳಿಗ್ಗೆ ಹೋಗಿ ನೋಡಿ ಬರೋಣವೇ?