ಸೀತಾಳೆ ದಂಡೆ ಬಂದಣಿಕೆಯಲ್ಲ

ಕಾಫಿ ತೋಟದಲ್ಲಿ ಮರಗಸಿ ನಡೆಯುವ ಕಾಲವೂ ಸೀತಾಳೆ ದಂಡೆ ಹೂ ಬಿಡುವ ಕಾಲವೂ ಹೆಚ್ಚು ಕಡಿಮೆ ಒಂದೇ. ಮೇ, ಜೂನ್ ತಿಂಗಳಲ್ಲಿ ಹಲಸು, ಮಾವು, ಅತ್ತಿ ಮರಗಳ ಕೊಂಬೆಯಿಂದ ನರಿಯ ಬಾಲದಂತೆ ಇಳಿಬೀಳುವ, ಬಿಳಿಯ ಮೇಲೆ ನಸುನೇರಳೆ ಚುಕ್ಕೆಯ ಆ ಗೊಂಚಲನ್ನು ನೋಡದ ಬೆಳೆಗಾರರು ವಿರಳ. ಆದರೆ ಅದೇ ದಿನಗಳಲ್ಲಿ ಮರ ಹತ್ತಿದ ಆಳುಗಳು ಅದನ್ನು ಕತ್ತಿಯಿಂದ ಕೆರೆದು ಕೆಡಹುವುದೂ ವಾಡಿಕೆಯಾಗಿದೆ. ಕೇಳಿದರೆ, “ಬಂದಣಿಕೆ ಅಲ್ವಾ ಅಯ್ಯಾ, ಮರ ತಿಂದು ಹಾಕ್ತದೆ” ಎನ್ನುತ್ತಾರೆ. ಈ ತಪ್ಪು ತಿಳಿವಳಿಕೆ ಹೋಗಬೇಕೆಂಬುದೇ ಈ ಬರಹದ ಉದ್ದೇಶ.

ಬಂದಣಿಕೆಯ ಬೇರು ಮರದ ಒಳಕ್ಕೆ ಇಳಿದು ಅದರ ರಸವನ್ನು ಹೀರುತ್ತದೆ. ಅದನ್ನು ಕೊಂಬೆ ಸಹಿತ ಕಡಿಯುವುದು ಸರಿಯೇ. ಸೀತಾಳೆ ದಂಡೆ ಆರ್ಕಿಡ್ ಜಾತಿಯ ಸಸ್ಯ. ಅದರ ದಪ್ಪ ಬೇರುಗಳು ತೊಗಟೆಯನ್ನು ಅಪ್ಪಿಕೊಳ್ಳುತ್ತವೆಯೇ ಹೊರತು ಒಳಕ್ಕೆ ಹೋಗುವುದಿಲ್ಲ. ಬೇರಿನ ಮೇಲಿರುವ ಬೂದುಬಿಳುಪಿನ ಹೊದಿಕೆ ಮಳೆ ಮತ್ತು ಮಂಜಿನ ನೀರನ್ನು ಹೀರಿಕೊಳ್ಳುತ್ತದೆ. ತೊಗಟೆಯ ಮೇಲೆ ಸೇರುವ ಧೂಳು, ಕೊಳೆತ ಎಲೆ ಇವೇ ಅದರ ಗೊಬ್ಬರ. ಮರದಿಂದ ಅದು ಪಡೆಯುವುದು ಕೂರಲು ಜಾಗ ಮಾತ್ರ.

ಹೋದರೆ ಮತ್ತೆ ಹುಟ್ಟುತ್ತದೆ ಎನ್ನುವವರೂ ಇದ್ದಾರೆ. ಇದರ ಒಂದು ಕಾಯಿಯಲ್ಲಿ ಧೂಳಿನಂಥ ಬೀಜಗಳು ಲೆಕ್ಕವಿಲ್ಲದಷ್ಟಿದ್ದರೂ ಮೊಳೆಯಲು ಬೇಕಾದ ಆಹಾರ ಬೀಜದೊಳಗೆ ಇರುವುದಿಲ್ಲ. ತೊಗಟೆಯಲ್ಲಿರುವ ಕೆಲವು ಶಿಲೀಂಧ್ರಗಳ ಸಹಾಯ ದೊರೆತರೆ ಮಾತ್ರ ಎಲ್ಲೋ ಒಂದು ಮೊಳೆತೀತು. ಸಕ್ಕರೆ ಬೆರೆಸಿದ ಪೋಷಕ ದ್ರವ್ಯದ ಮೇಲೆ ಬಾಟಲಿಯಲ್ಲಿ ಆರ್ಕಿಡ್ ಬೀಜ ಮೊಳೆಯಿಸುವ ವಿಧಾನವನ್ನು ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲಿ ಪ್ರಕಟಿಸಿದರು. ಅದು ಪ್ರಯೋಗಶಾಲೆಯ ಕೆಲಸ. ತೋಟದಲ್ಲಿ ಮೊಳೆತ ಸಸಿ ಹೂ ಬಿಡಲು ಹಲವು ವರ್ಷ ಬೇಕು. ಕತ್ತಿಗೆ ಒಂದು ನಿಮಿಷ ಸಾಕು.

ಆದುದರಿಂದ ಮರದ ಮೇಲಿರುವುದನ್ನು ಮುಟ್ಟದಿರುವುದೇ ಅದನ್ನು ಬೆಳೆಸುವ ಮೊದಲ ಕ್ರಮ. ಕಡಿಯಲೇಬೇಕಾದ ಕೊಂಬೆಯಲ್ಲಿದ್ದರೆ, ಇಲ್ಲವೇ ಗಾಳಿಗೆ ಕೊಂಬೆ ಮುರಿದು ಬಿದ್ದಿದ್ದರೆ, ಗಿಡವನ್ನು ಬೇರು ಹರಿಯದಂತೆ ಬಿಡಿಸಿಕೊಳ್ಳಿರಿ. ಕೊಳೆತ ಬೇರುಗಳನ್ನು ಕತ್ತರಿಸಿ, ಗಾಯ ಒಣಗಲು ಒಂದೆರಡು ದಿನ ನೆರಳಿನಲ್ಲಿಡಿ. ಮಳೆ ಹಿಡಿದ ಮೇಲೆ ಒರಟು ತೊಗಟೆಯ ಮರಕ್ಕೆ, ಬೆಳಗಿನ ಬಿಸಿಲು ಸೋಸಿ ಬರುವ ಕಡೆ, ತೆಂಗಿನ ನಾರಿನ ಹಗ್ಗದಿಂದ ಅಲುಗಾಡದಂತೆ ಕಟ್ಟಿರಿ. ತಂತಿ ಬೇಡ. ಮಣ್ಣಾಗಲಿ ಸಗಣಿಯಾಗಲಿ ಮೆತ್ತಬಾರದು. ಗಾಳಿಯಾಡದಿದ್ದರೆ ಬೇರು ಕೊಳೆಯುತ್ತದೆ. ತೊಗಟೆ ಸುಲಿದು ಬೀಳುವ ಮರ ಉಪಯೋಗವಿಲ್ಲ. ಕೊನೆ ತೆಗೆಯಲು ಜನ ಹತ್ತುವ ಅಡಿಕೆ ಮರವೂ ಬೇಡ. ತೋಟಕ್ಕೆ ಬೋರ್ಡೊ ದ್ರಾವಣ ಹೊಡೆಯುವಾಗ ಅದು ಇದರ ಮೇಲೆ ಬೀಳದಂತೆ ನೋಡಿಕೊಳ್ಳಿರಿ. ತಾಮ್ರದ ಔಷಧಿ ಆರ್ಕಿಡ್‌ಗಳಿಗೆ ಒಗ್ಗುವುದಿಲ್ಲ. ಹಸಿರು ತುದಿಯ ಹೊಸ ಬೇರು ತೊಗಟೆ ಹಿಡಿಯಿತೆಂದರೆ ಗಿಡ ಉಳಿಯಿತೆಂದೇ ತಿಳಿಯಿರಿ. ಮೊದಲ ಬೇಸಗೆಯಲ್ಲಿ ಆಗಾಗ್ಗೆ ನೀರು ಚಿಮುಕಿಸಿದರೆ ಸಾಕು, ಮುಂದೆ ಮಳೆ, ಇಬ್ಬನಿಗಳೇ ನೋಡಿಕೊಳ್ಳುತ್ತವೆ.

ಇದರಿಂದ ಲಾಭವೇನು ಎಂದು ಸದಸ್ಯರು ಕೇಳಬಹುದು. ರೂಪಾಯಿ ಲೆಕ್ಕದಲ್ಲಿ ಏನೂ ಇಲ್ಲ, ಖರ್ಚೂ ಇಲ್ಲ. ಆದರೆ ಈ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಇದೆ. ಸಿಲ್ವರ್ ಓಕ್ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಕಡಿಯಲು ಕಾಡುಮರಗಳಿಗಿರುವಷ್ಟು ತೊಡಕಿಲ್ಲ. ಸಣ್ಣ ಹಿಡುವಳಿದಾರರು ಅದನ್ನು ನೆಟ್ಟರೆ ನಾನು ಆಕ್ಷೇಪಿಸಲಾರೆ. ಆದರೆ ಹಳೆಯ ಅತ್ತಿ, ಬಸರಿ, ಹಲಸುಗಳನ್ನೆಲ್ಲ ತೆಗೆದು ಅದೊಂದನ್ನೇ ನಿಲ್ಲಿಸಿದರೆ ಸೀತಾಳೆ ದಂಡೆಗೆ ಕೂರಲು ಜಾಗವೇ ಉಳಿಯುವುದಿಲ್ಲ. ಆ ಮರಗಳ ತಂಪು ನೆರಳು ಮತ್ತು ಉದುರೆಲೆಯ ಗೊಬ್ಬರವೂ ಅವುಗಳೊಂದಿಗೇ ಹೋಗುತ್ತವೆ. ಅದು ನೇರ ನಮ್ಮ ಕಾಫಿಗೇ ಆಗುವ ನಷ್ಟ. ಎಕರೆಗೆ ನಾಲ್ಕಾರು ಹಳೆಯ ಮರಗಳನ್ನಾದರೂ ಉಳಿಸಿಕೊಳ್ಳೋಣ ಎಂಬುದು ನನ್ನ ಅಭಿಪ್ರಾಯ.

ಅಸ್ಸಾಮಿನಲ್ಲಿ ಇದೇ ಹೂವಿಗೆ ‘ಕೋಪೌ ಫೂಲ್’ ಎಂದು ಹೆಸರು. ಬಿಹು ನೃತ್ಯದ ಹೆಣ್ಣುಮಕ್ಕಳು ಇದನ್ನು ಮುಡಿಯುತ್ತಾರೆ. ಅದು ಆ ರಾಜ್ಯದ ರಾಜ್ಯಪುಷ್ಪ. ಅಲ್ಲಿ ಮುಡಿಗೇರುವುದು ಇಲ್ಲಿ ಕತ್ತಿಗೆ ಬಲಿಯಾಗಬೇಕೆ?

ಗಿಡಕ್ಕೆ ನಾಲ್ಕು ಕಾಸು ಕೊಟ್ಟು ಒಯ್ಯಲು ಬರುವವರಿಗೆ ದಯವಿಟ್ಟು ಕೊಡಬೇಡಿ. ಕಾಡಿನಿಂದಲೂ ಕಿತ್ತು ತರಬೇಡಿ, ಅದು ಅಪರಾಧ. ಆರ್ಕಿಡ್‌ಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದಕ್ಕೆ ಭಾರತವು 1976ರಿಂದಲೂ ಬದ್ಧವಾಗಿದೆ. ಈ ಸಲದ ಮರಗಸಿಗೆ ಆಳುಗಳನ್ನು ಹತ್ತಿಸುವ ಮುನ್ನ, ಯಾವುದು ಬಂದಣಿಕೆ, ಯಾವುದು ಸೀತಾಳೆ ದಂಡೆ ಎಂದು ಅವರಿಗೆ ಕೈಯಾರೆ ತೋರಿಸಿ ಹೇಳಿರಿ. ಇಷ್ಟೇ ನನ್ನ ವಿನಂತಿ.

— ಕಾರ್ಯದರ್ಶಿ