ಕೋಟೆಗೆ ಹೊರಟ ದಿಬ್ಬಣ

ಮದುವೆ ಸೀಸನ್ ಶುರುವಾಯಿತೆಂದರೆ ಬೇಕಲ ಕೋಟೆಯ ಟಿಕೆಟ್ ಕೌಂಟರ್ ಎದುರು ಜರಿ ಸೀರೆ, ಮಲ್ಲಿಗೆ ಜಲ್ಲೆ, ಹೊಸ ಶೇರ್ವಾನಿಗಳು ಕಾಣಿಸಿಕೊಳ್ಳುತ್ತವೆ. ಮದುಮಕ್ಕಳ ಹಿಂದೆ ಕ್ಯಾಮರಾದವರು, ಅವರ ಹಿಂದೆ ಬ್ಯಾಗ್ ಹೊತ್ತ ತಮ್ಮ ತಂಗಿಯರು. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಕನ್ನಡ ಮನೆಗಳಲ್ಲೂ ಈಗ ಮದುವೆ ಎಂದರೆ ಹಾಲ್, ಅಡುಗೆಯವರು, ಪುರೋಹಿತರು ಆದ ಮೇಲೆ ನಾಲ್ಕನೆಯ ಮಾತು ‘ಔಟ್‌ಡೋರ್ ಎಲ್ಲಿ?’ ಎಂಬುದೇ. ಇದನ್ನು ಬರೀ ಗೌಜಿ ಎಂದು ತಳ್ಳಿಹಾಕುವಂತಿಲ್ಲ. ಮದುವೆಗೆ ಬಂದ ಊಟ ಮೂರು ದಿನದಲ್ಲಿ ಮರೆತುಹೋಗುತ್ತದೆ, ಫೋಟೋ ಉಳಿಯುತ್ತದೆ. ಆದರೆ ಕೋಟೆ ಬುಕ್ ಮಾಡುವ ಹಾಲ್ ಅಲ್ಲ ಎಂಬುದನ್ನು ತಿಳಿಯದೆ ಹೊರಡುವ ದಿಬ್ಬಣಗಳು ಜಾಸ್ತಿಯಾಗಿವೆ. ಬಾಗಿಲಲ್ಲಿ ಚರ್ಚೆ, ವಾಪಸು ಕಳಿಸಿದರೆಂಬ ಬೇಸರ, ಬಾಡಿಗೆ ಕಾರು ಕಾಯಿಸಿದ ಖರ್ಚು, ಕೊನೆಗೆ ಅವಸರದಲ್ಲಿ ತೆಗೆದ ನಾಲ್ಕು ಚಿತ್ರ. ಇಷ್ಟಕ್ಕೆ ಅಷ್ಟು ದೂರ ಹೋಗಬೇಕಾಗಿತ್ತೇ?

ಮೊದಲನೆಯದು ಹೊತ್ತಿನ ಲೆಕ್ಕ. ನಮ್ಮ ಕಡೆಯ ಹೆಚ್ಚಿನ ಮುಹೂರ್ತಗಳು ಮಧ್ಯಾಹ್ನದ ಆಸುಪಾಸಿನಲ್ಲಿ. ಧಾರೆ ಮುಗಿದು, ವೇದಿಕೆಯಲ್ಲಿ ಉಡುಗೊರೆಯ ಸಾಲು ಕರಗಿ, ಮದುಮಕ್ಕಳು ಊಟಕ್ಕೆ ಕೂರುವಾಗ ಮೂರು ಗಂಟೆ. ಪೆರ್ಲ ಕಡೆಯ ಹಾಲ್‌ನಿಂದ ಕಾಸರಗೋಡು ಪೇಟೆ ದಾಟಿ, ಚಂದ್ರಗಿರಿ ಸೇತುವೆಯಾಗಿ ಬೇಕಲ ಮುಟ್ಟಲು ಒಂದೂವರೆ ಗಂಟೆಯಾದರೂ ಬೇಕು. ವೃಶ್ಚಿಕ ಮಾಸದಲ್ಲಿ ಸೂರ್ಯ ಮುಳುಗುವುದು ಆರು ಕಳೆದು ಸ್ವಲ್ಪ ಹೊತ್ತಿಗೆ, ಮೇ ತಿಂಗಳಲ್ಲಾದರೆ ಏಳಕ್ಕೆ ಹತ್ತು ನಿಮಿಷ ಇರುವಾಗ. ಎರಡು ಸೀಸನ್‌ಗಳ ನಡುವೆ ಮುಕ್ಕಾಲು ಗಂಟೆಯ ವ್ಯತ್ಯಾಸ ಇದೆ ಎಂಬುದನ್ನು ಅಣ್ಣನ ಮದುವೆಯ ಅನುಭವದಲ್ಲಿ ತಮ್ಮನ ಮದುವೆಗೆ ಪ್ಲಾನ್ ಹಾಕುವವರು ಮರೆಯುತ್ತಾರೆ. ಅದರ ಮೇಲೆ ಕೋಟೆಯ ಬಾಗಿಲು ಮುಚ್ಚುವ ಹೊತ್ತು ಬೇರೆ. ಮುಳುಗುವ ಸೂರ್ಯನೇ ಬೇಕೆಂದರೆ ಕೋಟೆಯ ಒಳಗಿಂದ ಸಿಗುತ್ತದೆಂದು ನಂಬಿ ಕೂರಬಾರದು, ಹೊರಗೆ ಪಳ್ಳಿಕ್ಕೆರೆಯ ಮರಳ ತೀರ ಇದೆ.

ಹಾಗಾಗಿ ಮದುವೆಯ ದಿನವೇ ಕೋಟೆಗೆ ಓಡುವ ಯೋಚನೆ ಬಿಟ್ಟು, ಎರಡು ದಿನ ಕಳೆದು ಔತಣ, ಸತ್ಕಾರಗಳ ನಡುವೆ ಒಂದು ಸಂಜೆಯನ್ನು ಇದಕ್ಕೆಂದೇ ಇಡುವುದು ವಾಸಿ. ಭಾನುವಾರ ಬೇಡ, ಓಣಂ, ಕ್ರಿಸ್‌ಮಸ್ ರಜೆ ಖಂಡಿತ ಬೇಡ. ಆಟಿಯಲ್ಲಿ ಹೇಗೂ ಮದುವೆ ಇಲ್ಲ. ಆದರೂ ಮಳೆಯಲ್ಲಿ ಕೋಟೆ ಚೆಂದ ಎಂದು ಆಷಾಢದ ಮೊದಲೇ ನೋಂದಣಿ ಮುಗಿಸಿದ ಜೋಡಿಗಳು ಹೋಗುವುದುಂಟು. ಮಣಿರತ್ನಂ ಅವರ ‘ಬಾಂಬೆ’ ಚಿತ್ರದ ‘ಉಯಿರೇ’ ಹಾಡು ಇದೇ ಕೋಟೆಯಲ್ಲಿ ಚಿತ್ರೀಕರಣವಾದದ್ದು, ಚಿತ್ರ ಬಂದದ್ದು 1995ರಲ್ಲಿ. ಅಂದಿನಿಂದ ಮಳೆ, ಮೋಡ, ಅಲೆ, ಕೋಟೆಯ ಅಂಚು ಎಂಬ ಚಿತ್ರ ಎಲ್ಲರ ತಲೆಯಲ್ಲೂ ಕೂತಿದೆ. ಸಿನಿಮಾದವರಿಗೆ ನೋಡಿಕೊಳ್ಳಲು ಹತ್ತಾರು ಜನರಿರುತ್ತಾರೆ. ಮದುಮಗಳಿಗೆ ಇರುವುದು ಸೆರಗು ಹಿಡಿಯಲು ಒಬ್ಬ ನಾದಿನಿ. ಪಾಚಿ ಕಟ್ಟಿದ ಮುರಕಲ್ಲಿನ ಮೇಲೆ ಹೀಲ್ಸ್ ಚಪ್ಪಲಿ ನಿಲ್ಲುವುದಿಲ್ಲ. ಕಡಲ ಕಡೆಯ ಗೋಡೆ ಹತ್ತಿ ಬೆನ್ನು ತಿರುಗಿಸಿ ನಿಲ್ಲಿ ಎಂದು ಯಾವ ಕ್ಯಾಮರಾದವರು ಹೇಳಿದರೂ ಆಗ ಬೇಡ ಎನ್ನಲು ಮನೆಯ ಹಿರಿಯರೊಬ್ಬರು ಜೊತೆಗಿರಬೇಕು.

ಎಲ್ಲಿ ನಿಲ್ಲಬೇಕೆಂಬುದಕ್ಕೂ ಸ್ವಲ್ಪ ಲೆಕ್ಕ ಇದೆ. ಕಡಲು ಪಡುವಣಕ್ಕೆ. ಸಂಜೆ ನಾಲ್ಕೂವರೆ, ಐದರ ಬಿಸಿಲಿಗೆ ಮುಖ ಕೊಟ್ಟು ನಿಂತರೆ ಬೆಳಕು ಮುಖದ ಮೇಲೆ, ಕೆಂಪು ಕಲ್ಲಿನ ಬಣ್ಣ ಹಿಂದೆ. ಕಡಲಿಗೆ ಬೆನ್ನು ಹಾಕಿದರೆ ಮುಖ ಕಪ್ಪು, ಆಕಾಶ ಬಿಳಿ. ನೆರಳಿನ ಚಿತ್ರವೇ ಬೇಕೆಂದು ಹಟ ಹಿಡಿದವರಿಗೆ ಅದು ಸರಿ, ಅಜ್ಜಿಗೆ ಮೊಮ್ಮಗಳ ಮುಖ ಕಾಣಬೇಕಾದರೆ ಅಲ್ಲ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಜೋರು, ಮುಡಿದ ಹೂ, ಸೆರಗು, ಮುಂಗುರುಳು ಎಲ್ಲ ಮೂಡಣಕ್ಕೆ ಹಾರುತ್ತವೆ. ಆಗ ನಡುವಿನ ವೀಕ್ಷಣಾ ಗೋಪುರದ ಮೂಡು ಮಗ್ಗುಲು ಹಿಡಿದರೆ ಗಾಳಿಗೆ ಮರೆ. ಈ ಗೋಪುರಕ್ಕೆ ಹತ್ತುವುದು ಮೆಟ್ಟಿಲಲ್ಲಿ ಅಲ್ಲ, ಅಗಲವಾದ ಇಳಿಜಾರಿನಲ್ಲಿ. ಭಾರದ ಸೀರೆ ಉಟ್ಟವರಿಗೂ, ಗಂಟು ನೋವಿನವರಿಗೂ ಇದೊಂದು ಉಪಕಾರ. ಮೆಟ್ಟಿಲು ಬೇಕಾದವರಿಗೆ ಕೋಟೆಯೊಳಗಿನ ಹಳೆಯ ಕೆರೆಯ ಮೆಟ್ಟಿಲುಗಳಿವೆ. ಬಟ್ಟೆ ಬದಲಿಸಲು ಒಳಗೆ ಕೋಣೆ ಹುಡುಕಬೇಡಿ, ಉಟ್ಟೇ ಹೋಗಬೇಕು. ಒಂದು ಸಂಜೆಗೆ ಒಂದೇ ಉಡುಗೆ ಸಾಕು.

ಈಗ ಕಾನೂನಿನ ವಿಷಯ. ಇಲ್ಲೇ ಹೆಚ್ಚಿನ ತಕರಾರು. ಬೇಕಲ ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. 1958ರ ಕಾಯ್ದೆ, ಅದರಡಿಯ 1959ರ ನಿಯಮಗಳು ಇಲ್ಲಿಗೆ ಅನ್ವಯ. ಕೈಯಲ್ಲಿ ಹಿಡಿದ ಕ್ಯಾಮರಾದಿಂದ ಚಿತ್ರ ತೆಗೆಯುವುದಕ್ಕೂ ಸ್ಟಾಂಡ್ ಊರಿ, ದೀಪ ಹಚ್ಚಿ ತೆಗೆಯುವುದಕ್ಕೂ ನಿಯಮದಲ್ಲಿ ಅಂತರವಿದೆ. ಕ್ಯಾಮರಾ ಸ್ಟಾಂಡ್, ಸ್ಟೂಲ್, ಕುರ್ಚಿ, ಮೇಜು ಒಳಗೆ ತರಲು ಲಿಖಿತ ಅನುಮತಿ ಬೇಕು. ಕ್ಯಾಮರಾದ ಜೊತೆಗೇ ಮಿಂಚುವ ಫ್ಲಾಶ್ ಬಿಟ್ಟು ಬೇರೆ ಕೃತಕ ಬೆಳಕಿಗೂ ಹಾಗೆಯೇ. ಸ್ಮಾರಕದೊಳಗೆ ಸತ್ಕಾರ, ಪಾರ್ಟಿ, ಮನರಂಜನೆ ಏರ್ಪಡಿಸಲು ಕೇಂದ್ರ ಸರಕಾರದ ಲಿಖಿತ ಅನುಮತಿ ಬೇಕು. ಎಲ್ಲೆಂದರಲ್ಲಿ ಅಡುಗೆ, ಊಟ ಮಾಡುವಂತಿಲ್ಲ. ಸಿನಿಮಾ ರೀತಿಯ ಚಿತ್ರೀಕರಣಕ್ಕೆ ಲೈಸೆನ್ಸ್. ಡ್ರೋನ್ ಅಂತೂ ಸ್ಟುಡಿಯೋದವರು ‘ನಾವು ನೋಡಿಕೊಳ್ಳುತ್ತೇವೆ’ ಎಂದ ಮಾತ್ರಕ್ಕೆ ಹಾರುವುದಿಲ್ಲ, ಅನುಮತಿಯ ಕಾಗದ ಎಲ್ಲಿ ಎಂದು ಮುಂಗಡ ಕೊಡುವ ಮೊದಲೇ ಕೇಳಬೇಕು. ಕೇರಳದ ಸ್ಮಾರಕಗಳು ಇಲಾಖೆಯ ತೃಶೂರು ವೃತ್ತಕ್ಕೆ ಸೇರಿದವು, ಅರ್ಜಿಗೆ ಸಮಯ ಹಿಡಿಯುತ್ತದೆ. ಹಿಂದಿನ ದಿನ ಕೌಂಟರಿನಲ್ಲಿ ಗೋಗರೆದು ಪ್ರಯೋಜನವಿಲ್ಲ.

ಗೋಡೆಗೆ ಹೂಮಾಲೆ ಮೊಳೆ ಹೊಡೆಯುವುದು, ಬಣ್ಣದ ಹೊಗೆ ಬಿಡುವುದು, ಕಲ್ಲಿನ ಮೇಲೆ ಇಬ್ಬರ ಹೆಸರಿನ ಮೊದಲಕ್ಷರ ಕೆತ್ತಿ ಅದರ ಕ್ಲೋಸ್‌ಅಪ್ ತೆಗೆಯುವುದು ತಮಾಷೆಯಲ್ಲ. ಮುರಕಲ್ಲು ಮೆದು, ಕೀಲಿಕೈ ತುದಿಗೂ ಗೀರು ಬೀಳುತ್ತದೆ, ಬಿದ್ದದ್ದು ಮಾಯುವುದಿಲ್ಲ. 2010ರ ತಿದ್ದುಪಡಿಯ ನಂತರ ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಸಜೆ, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಅಷ್ಟಕ್ಕೂ ಈ ಕೋಟೆ ಯಾರದ್ದು? ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಇದನ್ನು ಕಟ್ಟಿಸಿದವನು ಕೆಳದಿಯ ಶಿವಪ್ಪ ನಾಯಕ. ಆಮೇಲೆ ಹೈದರ್, ಟಿಪ್ಪು, ಬ್ರಿಟಿಷರು. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಬೇಕಲ ಹೆಸರಿನ ತಾಲೂಕೇ ಇತ್ತು. 1956ರಲ್ಲಿ ಕೇರಳಕ್ಕೆ ಸೇರಿತು. ಗೋಡೆಯ ಕಿಂಡಿಗಳನ್ನು ಗಮನಿಸಿದರೆ ದೂರದ ಶತ್ರುವಿಗೊಂದು, ನಡುವಿನವನಿಗೊಂದು, ಬುಡಕ್ಕೇ ಬಂದವನಿಗೊಂದು ಎಂದು ಗುರಿ ಹಿಡಿಯುವಂತೆ ಮಾಡಿದ್ದು ಕಾಣುತ್ತದೆ. ಆ ಕಿಂಡಿಯಲ್ಲಿ ಮುಖ ಇಟ್ಟು ಫೋಟೋ ತೆಗೆಸಿಕೊಂಡ ಮದುಮಕ್ಕಳಲ್ಲಿ ಅದು ಏನೆಂದು ಕೇಳಿದವರೆಷ್ಟು ಮಂದಿ? ಜೊತೆಗೆ ಹೋದ ಮಕ್ಕಳಿಗೆ ಹತ್ತು ನಿಮಿಷ ಈ ಕಥೆ ಹೇಳಲು ಒಬ್ಬ ಮಾವ ಸಾಕು, ಅವರಾದರೂ ಮೊಬೈಲಿನಿಂದ ತಲೆ ಎತ್ತಿಯಾರು. ಪ್ರವೇಶದ್ವಾರದ ಬಳಿಯ ಮುಖ್ಯಪ್ರಾಣ ದೇವಸ್ಥಾನಕ್ಕೆ ಕೈಮುಗಿದು ಹೋಗುವವರಿದ್ದಾರೆ. ಅಲ್ಲಿ ಪೂಜೆಯ ಹೊತ್ತಿಗೆ ‘ಒಂದು ಸಲ ಪಕ್ಕಕ್ಕೆ ಸರಿಯಿರಿ’ ಎಂದು ಭಕ್ತರನ್ನೇ ಸರಿಸುವ ಕ್ಯಾಮರಾದವರೂ ಇದ್ದಾರೆ. ಗೋಪುರದ ದಾರಿಯನ್ನು ಒಂದೇ ತಂಡ ಗಂಟೆಗಟ್ಟಲೆ ಹಿಡಿದು ನಿಂತಾಗ, ಟಿಕೆಟ್ ಕೊಟ್ಟು ಬಂದ ಶಾಲೆಯ ಮಕ್ಕಳು ಕೆಳಗೆ ಬಿಸಿಲಲ್ಲಿ ಕಾಯಬೇಕೇ?

ಹಾಗೆಂದು ಮದುವೆ ತಂಡಗಳನ್ನು ಕೋಟೆಯಿಂದ ಹೊರಗಿಡಿ ಎಂಬ ಕೂಗಿಗೆ ಒಪ್ಪಿಗೆ ಇಲ್ಲ. ಜನ ಬಂದು ಹೋಗುವ ಕೋಟೆಗೇ ಬಾಳಿಕೆ. ಗಡಿನಾಡ ಮದುವೆಯ ಆಲ್ಬಮ್‌ನಲ್ಲಿ ಕೆಳದಿಯವರ ಕೋಟೆ ಬರುವುದು ಒಳ್ಳೆಯದೇ.

ಆಲ್ಬಮ್‌ನ ಮಾತು ಬಂತಲ್ಲ, ಅಲ್ಲೇ ಒಂದು ದೊಡ್ಡ ನಷ್ಟ ಆಗುತ್ತಿದೆ. ಹಿಂದೆ ಮನೆಯ ಗೋಡೆಯಲ್ಲಿ ತೂಗುಹಾಕಿದ ಕಪ್ಪು ಬಿಳುಪು ಫೋಟೋದ ಹಿಂಬದಿಯಲ್ಲಿ ‘ಎಡದಿಂದ ಕುಳಿತವರು’ ಎಂದು ಶಾಯಿಯಲ್ಲಿ ಕನ್ನಡದಲ್ಲಿ ಬರೆದಿರುತ್ತಿತ್ತು. ದೊಡ್ಡಪ್ಪ ಯಾರು, ಅತ್ತಿಗೆ ಯಾವ ಮನೆಯಿಂದ ಬಂದವರು, ಎಲ್ಲ ಅದರಲ್ಲಿ. ಈಗ ಪೆನ್‌ಡ್ರೈವ್‌ನಲ್ಲಿ ಎರಡು ಸಾವಿರ ಚಿತ್ರ, ಒಂದಕ್ಕೂ ಹೆಸರಿಲ್ಲ. ಆಲ್ಬಮ್‌ನ ಹೊದಿಕೆಯಲ್ಲಿ ಇಬ್ಬರ ಹೆಸರು ಇಂಗ್ಲಿಷಿನಲ್ಲಿ, ಅಷ್ಟೇ. ಕನ್ನಡದಲ್ಲಿ ಹಾಕಿ ಎಂದರೆ ಒತ್ತಕ್ಷರ ಒಡೆದು, ದೀರ್ಘ ಎಲ್ಲೋ ಹಾರಿ, ಮದುಮಗನ ಹೆಸರೇ ಬೇರೆಯಾಗಿ ಬರುತ್ತದೆ. ಸ್ಟುಡಿಯೋದವರನ್ನು ದೂರಿ ಫಲವಿಲ್ಲ, ಹೆಚ್ಚಿನವರಿಗೆ ಕನ್ನಡ ಓದಲು ಬಾರದು. ಮನೆಯವರೇ ಹೆಸರುಗಳನ್ನು ಟೈಪ್ ಮಾಡಿ, ಚಿತ್ರರೂಪದಲ್ಲಿ ಕೊಟ್ಟು, ಅಚ್ಚಿಗೆ ಹೋಗುವ ಮೊದಲು ಒಮ್ಮೆ ನೋಡಬೇಕು. ಗುಂಪು ಚಿತ್ರ ತೆಗೆದ ವಾರದೊಳಗೆ, ಗುರುತು ಹಿಡಿಯಬಲ್ಲ ಹಿರಿಯರೊಬ್ಬರನ್ನು ಕೂರಿಸಿ ಹೆಸರು ಬರೆಸಿಕೊಳ್ಳಬೇಕು. ಮುಂದಿನ ಮದುವೆಗೆ ಅವರು ಇರುತ್ತಾರೆಂಬ ಖಾತ್ರಿ ಏನು?

ಹಿರಿಯರನ್ನು ಕೋಟೆಗೆ ಎಳೆದುಕೊಂಡು ಹೋಗುವುದೂ ಬೇಡ. ಅವರ ಚಿತ್ರ ಮದುವೆ ಮಂಟಪದಲ್ಲೇ, ಊಟದ ಗಂಟೆ ಬಾರಿಸುವ ಮೊದಲೇ ಆಗಿಬಿಡಲಿ. ತಪ್ಪದೆ ಬರಬೇಕಾದ ಹತ್ತು ಹದಿನೈದು ಗುಂಪುಗಳ ಪಟ್ಟಿ ಹಿಂದಿನ ದಿನವೇ ಕ್ಯಾಮರಾದವರ ಕೈಯಲ್ಲಿರಬೇಕು, ಜನರನ್ನು ಕರೆದು ನಿಲ್ಲಿಸಲು ಎರಡೂ ಕಡೆಯ ನೆಂಟರ ಗುರುತಿರುವ, ಮಲಯಾಳಂ ಬಲ್ಲ ಒಬ್ಬ ಹುಡುಗ ಪಕ್ಕದಲ್ಲಿರಬೇಕು. ಇಲ್ಲವಾದರೆ ಮೈಕ್ ಹಿಡಿದವರ ಚಿತ್ರವೇ ಐವತ್ತು, ತಾಯಿಯ ಅಣ್ಣಂದಿರದ್ದು ಒಂದೂ ಇಲ್ಲ.

ಇನ್ನು ಹಳೆಯ ಜಾಗವೇ ಬೇಕು ಎನ್ನುವವರು ಬೇಕಲಕ್ಕೇ ಹೋಗಬೇಕೆಂದಿಲ್ಲ. ಗುತ್ತಿನ ಮನೆ, ಬೀಡು, ತರವಾಡು ಮನೆಗಳು ಇನ್ನೂ ನಿಂತಿವೆ. ಚಾವಡಿಯ ಮರದ ಕಂಬ, ನಾಲ್ಕು ಸುತ್ತಿನ ಅಂಗಳ, ಹಿಂದೆ ಅಡಿಕೆ ತೋಟ. ಬೆಳಗ್ಗೆ ಒಂಬತ್ತು, ಹತ್ತರ ಹೊತ್ತಿಗೆ ಜಗಲಿಯಲ್ಲಿ ಬೀಳುವ ಮೆತ್ತನೆ ಬೆಳಕಿಗೆ ಯಾವ ದೀಪವೂ ಬೇಡ. ಮಧ್ಯಾಹ್ನ ಮಾತ್ರ ತೋಟದೊಳಗೆ ಹೋಗಬಾರದು, ಸೋಗೆಯ ಸಂದಿನ ಬಿಸಿಲು ಮುಖದ ಮೇಲೆ ಮಚ್ಚೆ ಮಚ್ಚೆಯಾಗಿ ಬೀಳುತ್ತದೆ. ಇಲ್ಲಿ ಯಾರ ಅನುಮತಿಯೂ ಬೇಡ, ಕುಟುಂಬದ ಯಜಮಾನರಿಗೆ ಒಂದು ಮಾತು ಹೇಳಿದರಾಯಿತು. ದೈವದ ಕೋಣೆಯ ಎದುರು ಮಾತ್ರ ಕ್ಯಾಮರಾ ಎಲ್ಲಿವರೆಗೆ ಎಂದು ಕೇಳಿಕೊಳ್ಳಬೇಕು. ಪಾಲಾಗಿ, ಮಾಡು ಸೋರಿ, ಕಂಬ ಮಾರಾಟಕ್ಕೆ ಹೋಗುವ ಮನೆಗಳ ಸುದ್ದಿ ಎಲ್ಲ ಕಡೆಯಿಂದಲೂ ಬರುತ್ತಿರುವಾಗ, ಮದುವೆಯ ನೆಪದಲ್ಲಾದರೂ ಆ ಮನೆಯ ಕಂಬ, ಬಾಗಿಲು, ಬಾವಿಕಟ್ಟೆಯ ನಾಲ್ಕು ಚಿತ್ರ ಉಳಿಯಲಿ.

ಪುರಾತತ್ವ ಇಲಾಖೆಯಿಂದ, ಪ್ರವಾಸೋದ್ಯಮದವರಿಂದ ಆಗಬೇಕಾದ್ದು ಹೆಚ್ಚೇನಿಲ್ಲ. ಯಾವುದಕ್ಕೆ ಅನುಮತಿ ಬೇಕು, ಯಾವುದಕ್ಕೆ ಬೇಡ, ಶುಲ್ಕ ಎಷ್ಟು, ಅರ್ಜಿ ಎಲ್ಲಿ, ಎಷ್ಟು ದಿನ ಮೊದಲು ಎಂಬುದು ಮಲಯಾಳಂ ಜೊತೆ ಕನ್ನಡದಲ್ಲೂ ಕೌಂಟರಿನ ಪಕ್ಕದಲ್ಲೇ ದೊಡ್ಡ ಅಕ್ಷರದಲ್ಲಿ ಇರಲಿ. ಸೀಸನ್ನಿನ ತಿಂಗಳುಗಳಲ್ಲಿ ಮದುವೆ ತಂಡಗಳಿಗೆ ಇಂತಿಷ್ಟು ಹೊತ್ತು, ಒಂದು ಜಾಗದಲ್ಲಿ ಹದಿನೈದು ನಿಮಿಷಕ್ಕಿಂತ ಹೆಚ್ಚಿಲ್ಲ ಎಂದು ಗೊತ್ತುಪಡಿಸಲಿ. ಹಾಲ್‌ನವರು ಬುಕಿಂಗ್ ರಶೀದಿಯ ಜೊತೆಗೇ ಆ ಮಾಹಿತಿಯ ಒಂದು ಪ್ರತಿ ಕೊಟ್ಟರೆ, ಕೋಟೆ ಬಾಗಿಲಲ್ಲಿ ನಡೆಯುವ ಅರ್ಧಕ್ಕರ್ಧ ಜಗಳ ಅಲ್ಲಿಯೇ ತಪ್ಪುತ್ತದೆ.